ಗದಗಕ್ಕೆ ಕಳಿಸಿ ಮೇಷ್ಟ್ರೇ

ಪತ್ರ: ಮಾನ್ಯ ಸಂಪಾದಕರೇ, ನಾನು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಮಗಳು ಪಿಯುಸಿಯಲ್ಲಿ ಕಾಲೇಜಿಗೇ ಮೊದಲು, ನೀಟ್‌ನಲ್ಲೂ ಒಳ್ಳೆಯ ರ‍್ಯಾಂಕ್. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸಿದ ಸೀಟುಗಳ ಅಣಕು ಹಂಚಿಕೆಯಲ್ಲಿ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ವರ್ಷದ ಶುಲ್ಕ ಅರವತ್ತು ಸಾವಿರದ ಆಸುಪಾಸು. ಹೆಸರುವಾಸಿಯಾದ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯವೊಂದರಲ್ಲೂ ಸೀಟು ಸಿಗುವಂತಿದೆ; ಅಲ್ಲಿ ವರ್ಷಕ್ಕೆ 22 ಲಕ್ಷ. ಕ್ಯಾಂಪಸ್ ನೋಡಿ ಬಂದೆವು, ಕಣ್ಣು ಕುಕ್ಕುವಂತಿದೆ. ಅಡಿಕೆ ತೋಟ ಮಾರಿ, ಸಾಲದ್ದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆಯಿರಿ ಎಂದು ನನ್ನ ಭಾವಮೈದುನರು ಹೇಳುತ್ತಿದ್ದಾರೆ. ‘ಇಷ್ಟು ಅಂಕ ತೆಗೆದ ಹುಡುಗಿಯನ್ನು ಗದಗಕ್ಕೆ ಕಳಿಸುತ್ತೀರಾ’ ಎಂಬುದು ಅವರ ಪ್ರಶ್ನೆ. ತಾವು ಏನು ಹೇಳುತ್ತೀರಿ?
— ಚನ್ನಗಿರಿ ತಾಲ್ಲೂಕಿನ ಓದುಗ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಕಳಿಸಿ ಮೇಷ್ಟ್ರೇ. ಇಷ್ಟು ಅಂಕ ತೆಗೆದಿದ್ದಾಳೆ ಎಂಬ ಕಾರಣಕ್ಕೇ ಕಳಿಸಿ. ಅಂಕ ಕಡಿಮೆ ಬಂದಿದ್ದರೆ ಗದಗ ನಿಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ಆಗ ಉಳಿಯುತ್ತಿದ್ದುದು ತೋಟ ಮಾರುವ ದಾರಿಯೊಂದೇ. ಹುಡುಗಿ ಎರಡು ವರ್ಷ ನಿದ್ದೆಗೆಟ್ಟು ತೋಟವನ್ನು ಉಳಿಸಿಕೊಟ್ಟಿದ್ದಾಳೆ. ಅದನ್ನು ಅಪ್ಪ ಮತ್ತು ಸೋದರಮಾವ ಸೇರಿ ಮಾರಹೊರಟಿದ್ದೀರಿ.

ಇನ್ನೊಂದು ಪಕ್ಷಕ್ಕೂ ನ್ಯಾಯ ಸಲ್ಲಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಸಂಚಿಕೆಗೆ ಪತ್ರಗಳ ರಾಶಿ ಬರುತ್ತದೆ. ಖಾಸಗಿಯವರು ಒಳ್ಳೆಯ ವೈದ್ಯರನ್ನು ತಯಾರು ಮಾಡಿಲ್ಲ ಎನ್ನಲು ನಾನು ಹುಚ್ಚನಲ್ಲ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗ ಅದೊಂದು ಸಾಹಸವೇ ಆಗಿತ್ತು, ಅಲ್ಲಿ ಕಲಿತವರು ಜಗತ್ತಿನಾದ್ಯಂತ ಹೆಸರು ಮಾಡಿದ್ದಾರೆ. ಇಂಥ ಕಡೆ ಗ್ರಂಥಾಲಯ, ಪ್ರಯೋಗಾಲಯ, ಸಂಶೋಧನೆಯ ವಾತಾವರಣ ಹಲವು ಸರ್ಕಾರಿ ಕಾಲೇಜುಗಳಿಗಿಂತ ಚೆನ್ನಾಗಿರುವುದೂ ನಿಜ. ಹೊಸ ಸರ್ಕಾರಿ ಕಾಲೇಜುಗಳಲ್ಲಿ ಬೋಧಕರ ಕೊರತೆಯಿದೆ. ಹಾಸ್ಟೆಲಿನ ಊಟದ ಬಗ್ಗೆ ನಿಮ್ಮ ಮಗಳು ಮೊದಲ ತಿಂಗಳೇ ಫೋನಿನಲ್ಲಿ ಅಳುತ್ತಾಳೆ. ಅಳಲಿ.

ಈಗ ಲೆಕ್ಕಕ್ಕೆ ಬನ್ನಿ. ಗಣಿತದ ಮೇಷ್ಟ್ರು ನೀವು, ಬಡ್ಡಿಯ ಲೆಕ್ಕ ಮಕ್ಕಳಿಗೆ ಹೇಳಿಕೊಡುವವರು, ನಿಮ್ಮ ಪತ್ರದಲ್ಲಿ ಬಡ್ಡಿಯ ಮಾತೇ ಇಲ್ಲ! ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ವರ್ಷಕ್ಕೆ 22 ಲಕ್ಷವೆಂದರೆ ನಾಲ್ಕೂವರೆ ವರ್ಷಕ್ಕೆ 99 ಲಕ್ಷ. ಐದು ವರ್ಷದ ಶುಲ್ಕ ಕೇಳುವ ಸಂಸ್ಥೆಗಳೂ ಇವೆ, ವಿಚಾರಿಸಿಕೊಳ್ಳಿ. ಹಾಸ್ಟೆಲ್, ಪುಸ್ತಕ, ಪರೀಕ್ಷಾ ಶುಲ್ಕ, ಪ್ರತಿ ವರ್ಷದ ಏರಿಕೆ ಬೇರೆ. ತೋಟಕ್ಕೆ ಒಳ್ಳೆಯ ಬೆಲೆ ಬಂದು ಅರ್ಧ ಅದರಿಂದ ತೀರಿತು, ಉಳಿದ 50 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಬೇಕಾದರೆ ತಿಂಗಳ ಕಂತು 66 ಸಾವಿರ ರೂಪಾಯಿ. ಓದುವ ಕಾಲದಲ್ಲಿ ಸೇರಿಕೊಂಡ ಬಡ್ಡಿಯನ್ನು ಇದರಲ್ಲಿ ಹಿಡಿದಿಲ್ಲ. ಬ್ಯಾಂಕುಗಳು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಕಂತು ಕೇಳತೊಡಗುತ್ತವೆ. ಆಗ ನಿಮ್ಮ ಮಗಳು ಬರಿಯ ಎಂಬಿಬಿಎಸ್. ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಆದರೆ ಬರುವ ಸಂಬಳ ಆ ಕಂತನ್ನು ಮುಟ್ಟಿದರೆ ಅದೃಷ್ಟ. ಅಷ್ಟಕ್ಕೂ ಅವಳು ಆಗ ಮಾಡಬೇಕಾದ ಕೆಲಸ ಪಾಳಿ ತಿರುಗುವುದಲ್ಲ, ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುವುದು.

ಡೀಮ್ಡ್ ಸೀಟಿನ ಕನಸು ಕಾಣುವ ಪೋಷಕರು ಮರೆಯುವುದು ಇದನ್ನೇ. ಎಂಬಿಬಿಎಸ್ ಒಂದೇ ಇಟ್ಟುಕೊಂಡು ಇಂದು ಯಾರೂ ನಿಲ್ಲುವುದಿಲ್ಲ. ಮಕ್ಕಳ ತಜ್ಞೆಯೋ ಹೆರಿಗೆ ತಜ್ಞೆಯೋ ಆಗಬೇಕಾದರೆ ಇನ್ನೊಂದು ಪ್ರವೇಶ ಪರೀಕ್ಷೆ ಇದೆ, ಅದರ ಸೀಟು ಹಂಚಿಕೆ ನಡೆಯುವುದು ರ‍್ಯಾಂಕ್ ಮೇಲೆ. ನೀನು ಎಂಬಿಬಿಎಸ್ ಓದಿದ ಕ್ಯಾಂಪಸ್ಸಿನಲ್ಲಿ ಈಜುಕೊಳ ಇತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಗದಗದ ಹುಡುಗಿಗೂ ದೆಹಲಿಯ ಹುಡುಗನಿಗೂ ಒಂದೇ ಪಟ್ಟಿ. ರ‍್ಯಾಂಕ್ ಸ್ವಲ್ಪ ಹಿಂದೆ ಬಿದ್ದು ಖಾಸಗಿ ಪಿಜಿ ಸೀಟೇ ಗತಿ ಎಂದಾದರೆ ಹಣ ಬೇಕಾಗುವುದು ಆವಾಗ. ತೋಟವನ್ನು ಈಗಲೇ ಮಾರಿಕೊಂಡವರು ಅಂದು ಏನನ್ನು ಮಾರುತ್ತಾರೆ?

ಕ್ಯಾಂಪಸ್ ನೋಡಿ ಬಂದೆವು ಎಂದು ಬರೆದಿದ್ದೀರಿ. ಗಾಜಿನ ಕಟ್ಟಡ, ಹವಾನಿಯಂತ್ರಿತ ತರಗತಿ, ಕಾಫಿ ಅಂಗಡಿ ಎಲ್ಲವೂ ಕಣ್ಣು ಕುಕ್ಕಿರಬೇಕು. ರೋಗಿಗಳ ಮಾತು ಒಂದೂ ಇಲ್ಲ. ಹೆಣ್ಣು ನೋಡಲು ಹೋದವರು ಮನೆಯ ಬಣ್ಣ ನೋಡಿ ಎದ್ದು ಬಂದಂತಾಯಿತು. ವೈದ್ಯಕೀಯ ಕಾಲೇಜು ನೋಡುವ ಕ್ರಮವೇ ಬೇರೆ. ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿ ವಿಭಾಗದ ಮುಂದೆ ನಿಂತು ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ ನೋಡಬೇಕು. ವಾರ್ಡಿನಲ್ಲಿ ಎಷ್ಟು ಹಾಸಿಗೆ ಖಾಲಿ ಇವೆ, ರಾತ್ರಿ ಹೆರಿಗೆ ಎಷ್ಟಾಗುತ್ತವೆ, ತುರ್ತು ಚಿಕಿತ್ಸೆಗೆ ಬಂದವರನ್ನು ಮೊದಲು ಮುಟ್ಟಿ ನೋಡುವವರು ಯಾರು ಎಂದು ಇಂಟರ್ನ್‌ಗಳನ್ನು ಬದಿಗೆ ಕರೆದು ಕೇಳಬೇಕು. ಮಾರ್ಗದರ್ಶಿಯಾಗಿ ಬಂದ ಸಾರ್ವಜನಿಕ ಸಂಪರ್ಕದ ಹುಡುಗಿಯನ್ನು ಕೇಳಿದರೆ ನಿಮಗೆ ಬಣ್ಣದ ಪುಸ್ತಿಕೆ ಸಿಗುತ್ತದೆ, ಅಷ್ಟೆ.

ನನಗೆ ಪರಿಚಯದ ಶಸ್ತ್ರವೈದ್ಯರೊಬ್ಬರಿದ್ದಾರೆ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿ ತಾಲ್ಲೂಕು ಆಸ್ಪತ್ರೆಯಲ್ಲಿ ನಿವೃತ್ತರಾದವರು. ಕೀಟನಾಶಕ ಕುಡಿದು ಬಂದವರನ್ನು ಬದುಕಿಸಲು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ‘ನೆಲದ ಮೇಲೆ’ ಎಂದರು. ಹಾಸಿಗೆ ತುಂಬಿ ರೋಗಿಗಳು ನೆಲದ ಮೇಲೆ ಮಲಗಿರುತ್ತಿದ್ದರು. ಇಂಟರ್ನ್ ಆಗಿದ್ದ ಇವರು ಮಂಡಿಯೂರಿ ಅಟ್ರೋಪಿನ್ ಕೊಡುತ್ತ, ಎದೆಯ ಗೊರಗೊರ ಸದ್ದು ನಿಲ್ಲುವ ತನಕ ಸ್ಟೆತಸ್ಕೋಪ್ ಇಟ್ಟು ಕೇಳುತ್ತ ರಾತ್ರಿ ಕಳೆಯುತ್ತಿದ್ದರಂತೆ. ರೋಗಿ ನೆಲದ ಮೇಲೆ ಮಲಗುವುದು ನಾಡಿಗೆ ಮರ್ಯಾದೆ ತರುವ ಸಂಗತಿಯಲ್ಲ, ನನಗೂ ಗೊತ್ತು. ಆದರೆ ಹಾವು ಕಚ್ಚಿದವರು, ಕ್ಷಯ ಉಲ್ಬಣಿಸಿದವರು, ಟ್ರ್ಯಾಕ್ಟರ್ ಮಗುಚಿ ಕಾಲು ಜಜ್ಜಿಸಿಕೊಂಡವರು, ನೋವು ಶುರುವಾಗಿ ಆಟೋದಲ್ಲಿ ಬಂದ ಬಸುರಿಯರು ಮೊದಲು ಬರುವುದು ಜಿಲ್ಲಾಸ್ಪತ್ರೆಗೆ. ಈ ಪಾಠಕ್ಕೆ 22 ಲಕ್ಷದ ರಸೀದಿ ಹರಿಯುವವರು ಎಲ್ಲಿಯೂ ಇಲ್ಲ.

ಇನ್ನು ಪರೀಕ್ಷೆಯ ವಿಷಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದ್ದು. ಗದಗದವರಿಗೂ ಬೆಂಗಳೂರು ವೈದ್ಯಕೀಯ ಕಾಲೇಜಿನವರಿಗೂ ಅದರದೇ ಪ್ರಶ್ನೆಪತ್ರಿಕೆ, ಅದರದೇ ಪದವಿ. ಡೀಮ್ಡ್ ಸಂಸ್ಥೆ ತಾನೇ ವಿಶ್ವವಿದ್ಯಾಲಯ. ಶುಲ್ಕ ವಸೂಲು ಮಾಡುವವರೇ ಪ್ರಶ್ನೆಪತ್ರಿಕೆ ಮಾಡಿ ಅಂಕವನ್ನೂ ಹಾಕುತ್ತಾರೆ. ನಿಮ್ಮ ಶಾಲೆಯಲ್ಲಿ ಹೀಗಿದ್ದಿದ್ದರೆ ಊರಿನವರು ಏನೆನ್ನುತ್ತಿದ್ದರು?

ಹಣ ಕೊಟ್ಟು ವೈದ್ಯರಾಗುವ ಈ ಚರಿತ್ರೆಯ ಮುಖ್ಯ ಅಧ್ಯಾಯಗಳು ನಮ್ಮ ರಾಜ್ಯದಲ್ಲೇ ಬರೆಯಲ್ಪಟ್ಟವು ಎಂಬುದು ನನ್ನ ಹಳೆಯ ಹೊಟ್ಟೆಯುರಿ. ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ಕೇಳುವ ಹಣ, ಅದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1984ರಲ್ಲೇ ಮಾಡಿತು. ಅದಾದ ಮೇಲೆ ಮೀರತ್‌ನ ಯುವತಿ ಮೋಹಿನಿ ಜೈನ್ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗಿನ ದರ ಕೇಳಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಶಿಕ್ಷಣ ನಾಗರಿಕರ ಹಕ್ಕು, ಕ್ಯಾಪಿಟೇಷನ್ ಶುಲ್ಕ ನ್ಯಾಯವಲ್ಲ ಎಂದು 1992ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜಿನ ಅರ್ಧ ಸೀಟು ಉಚಿತ, ಅರ್ಧ ಹಣದ್ದು ಎಂಬ ಯೋಜನೆ ಬಂತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ ಆ ಯೋಜನೆಯನ್ನು ತೆಗೆದುಹಾಕಿತು. ಅದೂ ಕರ್ನಾಟಕದ್ದೇ ಮೊಕದ್ದಮೆ. ಅಂದು ಮೇಜಿನ ಕೆಳಗೆ ಕೊಡುತ್ತಿದ್ದುದಕ್ಕೆ ಇಂದು ಮೇಜಿನ ಮೇಲೆ ರಸೀದಿ ಸಿಗುತ್ತದೆ, ಜೊತೆಗೆ ಬ್ಯಾಂಕಿನ ಸಾಲವೂ. ಇದನ್ನು ಪ್ರಗತಿ ಎನ್ನುವವರಿದ್ದಾರೆ.

2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವನೇ. ಇಲ್ಲಿನ ಖಾಸಗಿ ಸೀಟಿನ ಬೆಲೆ ಕೊಡಲಾಗದೆ ಅಷ್ಟು ದೂರ ಹೋಗಿದ್ದ. ಅವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ನಾನು ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಆಮೇಲಿನ ವರ್ಷಗಳಲ್ಲಿ ಹಾವೇರಿಗೆ ಸರ್ಕಾರಿ ಕಾಲೇಜು ಬಂತು, ಯಾದಗಿರಿಗೂ ಚಿಕ್ಕಮಗಳೂರಿಗೂ ಬಂತು. ವಿಜಯಪುರದ ಜನ ಮಾತ್ರ, ನಮಗೆ ಖಾಸಗಿ ಸಹಭಾಗಿತ್ವದ ಕಾಲೇಜು ಬೇಡ, ಪೂರ್ತಿ ಸರ್ಕಾರಿಯೇ ಬೇಕು ಎಂದು 2025ರಲ್ಲಿ ಧರಣಿ ಕೂರಬೇಕಾಯಿತು. ಅವರು ಹಾಗೆ ಧರಣಿ ಕೂತರು, ನಿಮ್ಮಂಥವರು ಸಿಕ್ಕ ಸರ್ಕಾರಿ ಸೀಟನ್ನು ಮೂಗು ಮುರಿದು ಬಿಟ್ಟುಕೊಡುವ ಯೋಚನೆಯಲ್ಲಿದ್ದೀರಿ. ಹೆಚ್ಚು ಅಂಕದ ಮಕ್ಕಳು, ಓದಿದ ಪೋಷಕರು ಬಿಟ್ಟುಹೋದರೆ ಆ ಕಾಲೇಜುಗಳಲ್ಲಿ ಬೋಧಕರ ಹುದ್ದೆ ಯಾಕೆ ಖಾಲಿ ಇದೆ ಎಂದು ಗಲಾಟೆ ಮಾಡಲು ಯಾರು ಉಳಿಯುತ್ತಾರೆ? ಸರ್ಕಾರಿ ಶಾಲೆಗಳಿಗೆ ಇದೇ ಆಯಿತಲ್ಲ. ನಿಮ್ಮ ಶಾಲೆಯಲ್ಲಿ ಶಿಕ್ಷಕರ ಮಕ್ಕಳು ಎಷ್ಟು ಮಂದಿ ಓದುತ್ತಿದ್ದಾರೆ ಎಂದು ಕೇಳುವುದಿಲ್ಲ, ಜಗಳವಾದೀತು.

ಸಾಲದ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಪರಿಚಯದವರ ಮಗ, ಬುದ್ಧಿವಂತ, ಕೋಟಿ ಸುರಿದು ಓದಿ ಬಂದ. ಊರಲ್ಲೇ ಬಡವರಿಗೆ ಚಿಕಿತ್ಸೆ ಕೊಡುತ್ತೇನೆ ಎಂದು ಓದುವಾಗ ಹೇಳುತ್ತಿದ್ದವನು. ಈಗ ಅವನಲ್ಲಿಗೆ ತಲೆನೋವೆಂದು ಹೋದವರೂ ಸ್ಕ್ಯಾನಿಂಗ್ ಚೀಟಿ ಹಿಡಿದು ಹೊರಬರುತ್ತಾರೆ. ಅವನು ಕೆಟ್ಟವನಲ್ಲ. ತಿಂಗಳ ಐದನೇ ತಾರೀಖಿಗೆ ಕಂತು ಕಟ್ಟಬೇಕು, ಕಟ್ಟುತ್ತಿದ್ದಾನೆ. ಅವನ ಸಾಲವನ್ನು ತೀರಿಸುತ್ತಿರುವವರು ಅವನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರು. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರ ಧೈರ್ಯ ಅವರದು, ಅದಕ್ಕೆ ಕಾಲೇಜನ್ನು ಹೊಗಳಬೇಕಿಲ್ಲ. ಆದರೆ ತಿಂಗಳಿಗೆ 66 ಸಾವಿರದ ಕಂತು ಬೆನ್ನಿಗಿದ್ದವರು ಯಾರಾದರೂ ಆ ಬೆಟ್ಟ ಹತ್ತಿಯಾರೇ, ನೀವೇ ಹೇಳಿ.

ಈ ಉತ್ತರ ಅಚ್ಚಾದ ದಿನ ನಮ್ಮ ಜಾಹೀರಾತು ವಿಭಾಗದವರು ನನ್ನ ಕೋಣೆಗೆ ಬರುತ್ತಾರೆ ಎಂಬುದು ಖಚಿತ. ಜೂನ್ ಬಂತೆಂದರೆ ಹಿಂಬದಿಯ ರಕ್ಷಾಪುಟಕ್ಕೆ ಸ್ಟೆತಸ್ಕೋಪ್ ತೊಟ್ಟು ನಗುವ ಮಕ್ಕಳ ಚಿತ್ರ ಕಳಿಸುವವರು ಈ ಖಾಸಗಿ ಕಾಲೇಜಿನವರೇ ತಾನೆ. ಆ ಚಿತ್ರದಲ್ಲಿ ಒಬ್ಬ ರೋಗಿಯನ್ನೂ ನಾನು ಈವರೆಗೆ ಕಂಡಿಲ್ಲ.

ಭಾವಮೈದುನರು ಏನೆನ್ನುತ್ತಾರೆ ಎಂದು ವಿವರವಾಗಿ ಬರೆದಿದ್ದೀರಿ, ಮಗಳು ಏನೆನ್ನುತ್ತಾಳೆ ಎಂದು ಬರೆದಿಲ್ಲ. ಕೇಳಿ. ಅವಳಿಗೆ ಗದಗ ದೂರವೆನಿಸಿದರೆ ಅದಕ್ಕೂ ದಾರಿಯಿದೆ. ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಯಾವುದು ಸಿಗಬಹುದು ಎಂದು ಊಹಿಸಿ ಕ್ರಮ ಕೊಡಬೇಡಿ, ಯಾವುದು ಬೇಕೋ ಅದನ್ನು ಮೇಲೆ ಹಾಕಿ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೇ ನೋಡುತ್ತಾರೆ, ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ದಾವಣಗೆರೆ, ಶಿವಮೊಗ್ಗದ ಕಡೆಯ ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾದ ಸೀಟುಗಳಿವೆ. ಅವುಗಳ ಶುಲ್ಕ ಸರ್ಕಾರಿ ಕಾಲೇಜಿಗಿಂತ ಹೆಚ್ಚಾದರೂ ಡೀಮ್ಡ್ ಶುಲ್ಕದ ಹತ್ತಿರಕ್ಕೂ ಬರುವುದಿಲ್ಲ; ನಿಮ್ಮ ಪತ್ರದಲ್ಲಿ ಅವುಗಳ ಸುದ್ದಿಯೇ ಇಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದು, ಎರಡರ ಪ್ರಮಾಣಪತ್ರವನ್ನೂ ನೋಡಿಕೊಳ್ಳಿ. ಡೀಮ್ಡ್ ಸೀಟುಗಳ ಹಂಚಿಕೆ ಕೆಇಎ ಕೈಯಲ್ಲಿಲ್ಲ, ಅದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಎಂಸಿಸಿಯದು. ಅಲ್ಲಿ ನೋಂದಣಿಯಾಗಲು 2 ಲಕ್ಷ ಠೇವಣಿ ಇಡಬೇಕು. ಇಟ್ಟಾಗಿದ್ದರೆ ಯಾವ ಸುತ್ತಿನ ನಂತರ ಅದು ಮುಟ್ಟುಗೋಲಾಗುತ್ತದೆ ಎಂಬ ನಿಯಮವನ್ನು ಭಾವಮೈದುನರಿಂದಲೇ ಗಟ್ಟಿಯಾಗಿ ಓದಿಸಿ.

ಮತ್ತೆ ಆ ಸಂಸ್ಥೆಯ ಶುಲ್ಕದ ಪಟ್ಟಿಯ ಪ್ರತಿಯೊಂದನ್ನು ನನಗೆ ಅಂಚೆಯಲ್ಲಿ ಕಳಿಸಿಕೊಡಿ. ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲು ಇರುತ್ತದೆ. ಅದರ ಮುಂದೆ ಎಷ್ಟು ಬರೆದಿದ್ದಾರೆ ಎಂದು ನೋಡುವ ಕುತೂಹಲ ನನಗೆ.