ಅವ್ವ ಟ್ರೇನಿಂಗಿಗೆ ಹೋಗಿಲ್ಲ ಅಂತ ಮಗಳಿಗೆ ಗೊತ್ತಾಗಿದೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಾವೇರಿ ಜಿಲ್ಲೆ. ನನ್ನದು ಬೀಜ-ಗೊಬ್ಬರದ ಅಂಗಡಿ, ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಕಿಮೋ ಶುರುವಾಗಿದೆ. ಮೂರು ವಾರಕ್ಕೊಮ್ಮೆ ಹೋಗಬೇಕು, ಆಮೇಲೆ ಆಪರೇಷನ್ ಎಂದಿದ್ದಾರೆ. ಮಗಳು ನಾಲ್ಕನೇ ತರಗತಿ, ಮಗನಿಗೆ ಐದು ವರ್ಷ. ಇಬ್ಬರಿಗೂ ‘ಅವ್ವ ಟ್ರೇನಿಂಗಿಗೆ ಹೋಗ್ಯಾಳ’ ಎಂದು ಹೇಳಿದ್ದೇವೆ. ಈಗ ಕೂದಲು ಉದುರುತ್ತಿದೆ. ‘ತಿರುಪತಿಗೆ ಮುಡಿ ಕೊಟ್ಟು ಬಂದಳು ಅಂತ ಹೇಳೋಣ’ ಎನ್ನುತ್ತಾರೆ ನಮ್ಮ ತಾಯಿ. ಮಗಳು ಏನೂ ಕೇಳುವುದಿಲ್ಲ. ಬಹಳ ಶಾಣ್ಯಾ ಆಗಿದ್ದಾಳೆ, ಪಾತ್ರೆ ತೊಳೆಯುತ್ತಾಳೆ, ತಮ್ಮನನ್ನು ಮಲಗಿಸುತ್ತಾಳೆ. ಆದರೆ ಮೊನ್ನೆ ಅವಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ‘ಕ್ಯಾನ್ಸರ್’ ಎಂದು ಬರೆದು ರಬ್ಬರಿನಿಂದ ಅಳಿಸಿದ್ದು ಕಂಡಿತು. ಮಗನಿಗೆ ನೆಗಡಿಯಾದಾಗ ಹೆಂಡತಿಗೆ ಸೋಂಕು ತಗುಲಬಾರದೆಂದು ಹುಬ್ಬಳ್ಳಿಯ ನನ್ನ ತಂಗಿಯ ಮನೆಗೆ ಕಳಿಸಿದ್ದೆವು. ಬಂದಾಗಿನಿಂದ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ನನಗೂ ನಿದ್ದೆಯಿಲ್ಲ. ಮಕ್ಕಳಿಗೆ ಹೇಳಬೇಕೋ ಬೇಡವೋ?

ಉತ್ತರ: ಹೇಳಬೇಕು. ಈ ವಾರವೇ ಹೇಳಿ. ಮಗಳಿಗೆ ಅರ್ಧ ಗೊತ್ತಾಗಿದೆ, ಆ ಅರ್ಧವನ್ನು ಅವಳು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಾಳೆ. ಎಲ್ಲಿಂದ ಗೊತ್ತಾಯಿತು ಎಂದು ಹುಡುಕಲು ಹೋಗಬೇಡಿ. ಅಜ್ಜಿಯ ಫೋನ್ ಮಾತಿನಿಂದಲೋ, ನೀರು ತರಲು ಬಂದವರಿಂದಲೋ, ಶಾಲೆಯ ಗೆಳತಿಯಿಂದಲೋ ಕಿವಿಗೆ ಬಿದ್ದಿರುತ್ತದೆ. ಕ್ಯಾನ್ಸರ್ ವಾರ್ಡುಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಆರೇಳು ವರ್ಷ ದಾಟಿದ ಮಗುವಿನಿಂದ ಇಂಥ ಸುದ್ದಿಯನ್ನು ಕೊನೆಯವರೆಗೂ ಮುಚ್ಚಿಟ್ಟ ಮನೆಯನ್ನು ನಾನು ಕಂಡಿಲ್ಲ. ಎಷ್ಟೋ ಮನೆಗಳಲ್ಲಿ ದೊಡ್ಡವರು ಮಗುವಿಗೆ ಗೊತ್ತಿಲ್ಲ ಎಂದು ನಟಿಸುತ್ತಿದ್ದರು, ಮಗುವೂ ತನಗೆ ಗೊತ್ತಿಲ್ಲ ಎಂದು ನಟಿಸುತ್ತಿತ್ತು.

ನೀವು ‘ಶಾಣ್ಯಾ’ ಎಂದಿದ್ದೀರಲ್ಲ, ನನಗೆ ಚಿಂತೆ ಇರುವುದು ಅಲ್ಲೇ. ಒಂಬತ್ತು ವರ್ಷದ ಹುಡುಗಿ ಇದ್ದಕ್ಕಿದ್ದಂತೆ ತಮ್ಮನ ಜೊತೆ ಜಗಳ ನಿಲ್ಲಿಸಿ ಪಾತ್ರೆಗೆ ಕೈ ಹಾಕಿದಳೆಂದರೆ, ತಾನು ಒಳ್ಳೆಯವಳಾಗಿದ್ದರೆ ಅವ್ವ ಉಳಿಯುತ್ತಾಳೆ ಎಂದು ಒಳಗೊಳಗೇ ಲೆಕ್ಕ ಹಾಕಿರಬಹುದು. ಈ ವಯಸ್ಸಿನ ಮಕ್ಕಳು ತಾವು ಮಾಡಿದ ಹಟ, ಆಡಿದ ಕೆಟ್ಟ ಮಾತುಗಳೇ ಕಾಯಿಲೆಗೆ ಕಾರಣ ಎಂದು ನಂಬುವುದು ತೀರಾ ಸಾಮಾನ್ಯ. ಹಾಗೆ ನಂಬಿದ್ದೇವೆಂದು ಅವರು ಯಾರಿಗೂ ಹೇಳುವುದಿಲ್ಲ.

ತಿರುಪತಿಯ ಮಾತು ಬೇಡ. ದೇವರ ಹೆಸರಿನಲ್ಲಿ ಹೇಳಿದ ಸುಳ್ಳು ನಾಳೆ ಬಯಲಾದರೆ, ಆಮೇಲೆ ನೀವು ‘ಡಾಕ್ಟರು ಚೆನ್ನಾಗಿ ನೋಡಿಕೊಳ್ತಿದಾರೆ’ ಎಂದು ನಿಜವನ್ನೇ ಹೇಳಿದರೂ ಅವಳು ನಂಬುವುದಿಲ್ಲ. ಮುಂದೆ ಆಪರೇಷನ್ ಇದೆ, ರೇಡಿಯೇಷನ್ ಇರಬಹುದು. ತಿಂಗಳುಗಟ್ಟಲೆ ನಿಮ್ಮ ಮಾತನ್ನು ಅವಳು ನಂಬಬೇಕಾಗಿದೆ.

ಹೇಳುವುದನ್ನು ನಿಮ್ಮ ಹೆಂಡತಿಯ ಬಾಯಿಂದಲೇ ಹೇಳಿಸಿ, ನೀವು ಪಕ್ಕದಲ್ಲಿ ಕೂತಿರಿ. ರಾತ್ರಿ ಮಲಗುವ ಹೊತ್ತು ಬೇಡ. ರವಿವಾರ ಬೆಳಿಗ್ಗೆ ತಿಂಡಿ ಆದಮೇಲೆ, ಆಮೇಲೆ ಆಡಲು ಹೊತ್ತಿರುವಾಗ ಹೇಳಿ. ಅವರು ಟೀಚರ್, ಮಕ್ಕಳಿಗೆ ತಿಳಿಯುವಂತೆ ಹೇಳುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೂ ನಾನು ಬಳಸುತ್ತಿದ್ದ ಮಾತುಗಳನ್ನು ಬರೆಯುತ್ತೇನೆ: ‘ನನ್ನ ಎದೆಯೊಳಗ ಒಂದು ಗಂಟು ಆಗೇತಿ. ಅದಕ್ಕ ಕ್ಯಾನ್ಸರ್ ಅಂತಾರ. ಹೊಲದಾಗ ಬೆಳಿ ನಡುವ ಕಸ ಬೆಳೀತದಲ್ಲ, ಹಂಗ. ಅದನ್ನ ಸಾಯಿಸಾಕ ಬೆಂಗಳೂರಾಗ ಔಷಧ ಕೊಡ್ತಾರ. ಆ ಔಷಧ ಜೋರು ಐತಿ, ಕಸದ ಜೊತಿ ಬೆಳಿಗೂ ಸ್ವಲ್ಪ ಬಿಸಿ ತಟ್ಟತೈತಿ. ಅದಕ್ಕ ಕೂದಲು ಉದುರತಾವ, ಔಷಧ ಮುಗಿದ ಮ್ಯಾಲೆ ಮತ್ತ ಬರ್ತಾವ.’ ಬೀಜದಂಗಡಿಯವರ ಮಕ್ಕಳಿಗೆ ಇಷ್ಟು ಸಾಕು. ಕಾಯಿಲೆಯ ಹೆಸರನ್ನು ಮಾತ್ರ ನುಂಗಬೇಡಿ. ಮಗಳು ಅದನ್ನು ಬರೆದು ಅಳಿಸಿದ್ದಾಳೆ, ನಿಮ್ಮ ಬಾಯಿಂದ ಅದು ಒಮ್ಮೆ ಬಂದರೆ ಅವಳೂ ಬಾಯಿಬಿಟ್ಟು ಕೇಳಬಹುದು. ನಿಮ್ಮ ಹೆಂಡತಿಗೆ ಕೆಂಪು ಬಣ್ಣದ ಕಿಮೋ ಕೊಡುತ್ತಿದ್ದರೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ಬಚ್ಚಲಲ್ಲಿ ಅದನ್ನು ಕಂಡು ರಕ್ತವೆಂದು ಹೆದರಿದ ಮಕ್ಕಳಿದ್ದಾರೆ, ಅದನ್ನೂ ಮೊದಲೇ ಹೇಳಿಬಿಡಿ.

ಇನ್ನೂ ಕೆಲವು ಮಾತುಗಳನ್ನು ಮಕ್ಕಳು ಕೇಳದಿದ್ದರೂ ನೀವಾಗಿ ಹೇಳಬೇಕು. ಇದು ನಿಮ್ಮಿಂದ ಬಂದದ್ದಲ್ಲ. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ತಬ್ಬಿ ಮಲಗಿದರೆ ಅಂಟುವ ರೋಗವೂ ಅಲ್ಲ. ಅವ್ವ ಬೆಂಗಳೂರಿಗೆ ಹೋದಾಗ ಬೆಳಿಗ್ಗೆ ಜಡೆ ಹಾಕುವವರು ಯಾರು, ಶಾಲೆಯಿಂದ ಕರೆತರುವವರು ಯಾರು ಎಂಬುದನ್ನೂ ಹೇಳಿ. ದೊಡ್ಡವರಿಗೆ ಇದು ಸಣ್ಣದೆನಿಸುತ್ತದೆ, ಮಗುವಿಗೆ ಅದೇ ಮೊದಲ ಚಿಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ಬೆಂಗಳೂರಿನ ದಿನಗಳಿಗೆ ಒಂದು ಬಣ್ಣ, ಮನೆಗೆ ಬಂದಮೇಲೆ ಅವ್ವ ಸುಸ್ತಾಗಿ ಮಲಗುವ ದಿನಗಳಿಗೆ ಇನ್ನೊಂದು, ಎದ್ದು ಓಡಾಡುವ ದಿನಗಳಿಗೆ ಮತ್ತೊಂದು ಬಣ್ಣವನ್ನು ಮಗಳ ಕೈಯಿಂದಲೇ ಹಚ್ಚಿಸಿ. ಮೂರು ವಾರದ ಸುತ್ತು ಕಣ್ಣಿಗೆ ಕಂಡರೆ, ಅವ್ವ ಮಲಗಿದ್ದಾಳೆಂದರೆ ಕಾಯಿಲೆ ಹೆಚ್ಚಾಯಿತು ಎಂದು ಪ್ರತಿ ಸಲ ಗಾಬರಿಯಾಗುವುದು ತಪ್ಪುತ್ತದೆ.

‘ಅವ್ವ ಸಾಯ್ತಾಳೇನು?’ ಎಂದು ಅವಳು ಕೇಳಬಹುದು. ‘ಛೆ, ಹಂಗೆಲ್ಲ ಅನಬಾರದು’ ಎಂದು ಬಾಯಿ ಮುಚ್ಚಿಸಬೇಡಿ, ‘ಏನೂ ಆಗಲ್ಲ’ ಎಂದು ಮಾತು ಕೊಡಲೂ ಬೇಡಿ. ‘ಕೆಲವರು ಈ ರೋಗದಿಂದ ಸಾಯ್ತಾರ, ಭಾಳ ಮಂದಿ ಆರಾಮಾಗ್ತಾರ. ಅವ್ವ ಆರಾಮಾಗಲಿ ಅಂತನ ಡಾಕ್ಟರು ಔಷಧ ಕೊಡಾಕತ್ತಾರ. ಏನರ ಬ್ಯಾರೆ ಆದ್ರ ನಿನಗ ನಾನ ಹೇಳ್ತೀನಿ, ಬ್ಯಾರೆಯವರಿಂದ ಕೇಳೂ ಪ್ರಸಂಗ ಬರಲ್ಲ’ ಎನ್ನಿ. ಆ ಕೊನೆಯ ಮಾತನ್ನು ನಡೆಸಿಕೊಡಿ. ಅವಳು ಅತ್ತರೆ ಅಳಲಿ. ಏನೂ ಅನ್ನದೆ ಎದ್ದು ಆಟಕ್ಕೆ ಹೋದರೂ ಹೋಗಲಿ, ಪ್ರಶ್ನೆಗಳು ಎರಡು ದಿನ ಬಿಟ್ಟು ಸ್ನಾನದ ಹೊತ್ತಿಗೋ ಬೈಕಿನ ಮೇಲೆ ಹೋಗುವಾಗಲೋ ಬರುತ್ತವೆ.

ಮಗನ ವಿಷಯಕ್ಕೆ ಬರೋಣ. ಕಿಮೋ ಆಗಿ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣಗಳು ಇಳಿದಿರುತ್ತವೆ. ಆಗ ನೆಗಡಿಯವರನ್ನು ದೂರ ಇಟ್ಟದ್ದು ಸರಿಯೇ. ಆದರೆ ಆ ಐದು ವರ್ಷದ ಕೂಸು ಅದನ್ನು ಹೇಗೆ ತಿಳಿದುಕೊಂಡಿರಬಹುದು ನೋಡಿ: ನನಗೆ ಮೂಗು ಸೋರಿತು, ಅವ್ವನಿಂದ ಬಿಡಿಸಿ ಹುಬ್ಬಳ್ಳಿಗೆ ಹಾಕಿದರು. ಅವನಿಗೆ ಬಿಡಿಸಿ ಹೇಳಿ, ತಪ್ಪು ಅವನದಲ್ಲ, ನೆಗಡಿಯದು ಎಂದು. ಮುಂದಿನ ಸಲ ನೆಗಡಿಯಾದರೆ ಆದಷ್ಟು ಅದೇ ಮನೆಯಲ್ಲೇ ಬೇರೆ ಕೋಣೆ, ಮಾಸ್ಕ್, ಸೋಪಿನಲ್ಲಿ ಕೈ ತೊಳೆಯುವುದು, ಬಾಗಿಲ ಆಚೆ ನಿಂತು ಅವ್ವನ ಜೊತೆ ಮಾತು. ಕಳಿಸಲೇಬೇಕಾದರೆ ಎಷ್ಟು ರಾತ್ರಿ ಎಂದು ಹೇಳಿ ಕಳಿಸಿ, ದಿನಾ ಒಂದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿ. ಹಾಸಿಗೆ ಒದ್ದೆಯಾದದ್ದಕ್ಕೆ ಬೈಯುವುದು, ಅಕ್ಕನ ಮುಂದೆ ಹಂಗಿಸುವುದು ಬೇಡ. ಆದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು, ಮಲಬದ್ಧತೆಯಿಂದಲೂ ಹೀಗಾಗುತ್ತದೆ. ಬಹಳ ನೀರಡಿಕೆ, ತೂಕ ಇಳಿಯುವುದು ಇದ್ದರೆ ತಡ ಮಾಡಬೇಡಿ, ಅದು ಸಕ್ಕರೆ ಕಾಯಿಲೆಯೂ ಇರಬಹುದು.

ಮಗಳ ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ, ಎಲ್ಲರೆದುರು ‘ಪಾಪ’ ಎನ್ನದಿರಲು ಕೇಳಿಕೊಳ್ಳಿ. ಮನೆಯಲ್ಲಿ ಅವಳಿಗೆ ಒಂದು ಕೆಲಸ ಉಳಿಸಿ, ಅವ್ವನಿಗೆ ನೀರಿನ ಬಾಟಲಿ ತುಂಬಿಡುವುದೋ ಏನೋ. ಉಳಿದದ್ದನ್ನು ಕೈಯಿಂದ ಬಿಡಿಸಿ ಆಟಕ್ಕೆ ಅಟ್ಟಿ.

ನಿಮ್ಮ ತಾಯಿಯವರ ಜೊತೆ ಜಗಳಕ್ಕಿಳಿಯಬೇಡಿ. ಅವರ ಕಾಲದಲ್ಲಿ ಕ್ಯಾನ್ಸರ್ ಎಂದರೆ ಮನೆಯವರೂ ಹೆಸರೆತ್ತುತ್ತಿರಲಿಲ್ಲ. ಮೊಮ್ಮಕ್ಕಳನ್ನು ಕಾಪಾಡಬೇಕು ಎಂಬುದೇ ಅವರ ಹಟದ ಮೂಲ. ರಾತ್ರಿ ಕತೆ ಹೇಳಿ ಮಲಗಿಸುವ ಜವಾಬ್ದಾರಿ ಅವರಿಗೇ ಇರಲಿ. ಅಡುಗೆಮನೆಯಲ್ಲಿ ಫೋನಿನಲ್ಲಿ ಪಿಸುಗುಡುವುದನ್ನು ಮಾತ್ರ ಬಿಡಿಸಿ.

ಇನ್ನು ನೀವು. ಪತ್ರದಲ್ಲಿ ನಿಮ್ಮ ಬಗ್ಗೆ ಬರೆದದ್ದು ಒಂದೇ ಸಾಲು. ಮುಂಗಾರಿನಲ್ಲಿ ಬೀಜದಂಗಡಿ ಎಂದರೆ ಊಟಕ್ಕೂ ಬಿಡುವಿಲ್ಲ, ಅದರ ಮಧ್ಯೆ ರಾತ್ರಿ ರೈಲು. ಕಿಮೋ ಇರುವ ವಾರ ಅಂಗಡಿ ನೋಡಿಕೊಳ್ಳಲು ಅಣ್ಣತಮ್ಮಂದಿರನ್ನೋ ಸ್ನೇಹಿತರನ್ನೋ ಬಾಯಿಬಿಟ್ಟು ಕೇಳಿ. ಮಕ್ಕಳ ಮುಂದೆ ಕಣ್ಣೀರು ಬಂದರೆ ‘ನನಗೂ ಬ್ಯಾಸರ ಆಗೇತಿ’ ಎನ್ನಿ, ಅದರಿಂದ ಕೆಡುಕಿಲ್ಲ. ದುಃಖ ತೋಡಿಕೊಳ್ಳಲು ಮಾತ್ರ ಮಗಳನ್ನು ಹಿಡಿಯಬೇಡಿ, ಅದಕ್ಕೆ ದೊಡ್ಡವರು ಬೇಕು. ನಿದ್ದೆಯಿಲ್ಲದೆ ಎರಡು ವಾರ ದಾಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮನಸ್’ ಸಹಾಯವಾಣಿ. ಹಗಲು ರಾತ್ರಿ, ಬಿಟ್ಟಿಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿಯವರಿಗೂ ಈ ನಂಬರ್ ಕೊಡಿ. ‘ಧೈರ್ಯವಾಗಿರು’ ಎಂದು ಎಲ್ಲರೂ ಹೇಳುವ ಮನೆಯಲ್ಲಿ ‘ನನಗ ಹೆದರಿಕಿ ಆಗತೈತಿ’ ಎನ್ನಲು ಅವರಿಗೂ ಒಂದು ಜಾಗ ಬೇಕಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇದ್ದಾರೆಯೇ ಎಂದು ವಿಚಾರಿಸಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಿದ್ದರೆ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಹತ್ತಿರದಲ್ಲೇ ಇದೆ, ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಪ್ರಶ್ನೆ: ನಾನು ಮಲಪ್ರಭೆ ದಂಡೆಯ ಊರೊಂದರಲ್ಲಿ ಶಿಕ್ಷಕ. 2019ರ ಆಗಸ್ಟಿನಲ್ಲಿ ಊರಿಗೆ ನೀರು ನುಗ್ಗಿದಾಗ ಅಂಗನವಾಡಿಗೆ ಹೋಗುತ್ತಿದ್ದ ಹುಡುಗಿ ಈಗ ನನ್ನ ಆರನೇ ತರಗತಿಯಲ್ಲಿದ್ದಾಳೆ. ಮೋಡ ಕಟ್ಟಿದರೆ ಹೊಟ್ಟೆನೋವು ಎನ್ನುತ್ತಾಳೆ. ಮಳೆಗಾಲವಿಡೀ ಪಾಟಿಚೀಲದಲ್ಲಿ ರೇಷನ್ ಕಾರ್ಡಿನ ಜೆರಾಕ್ಸ್, ಆಧಾರ್, ತಮ್ಮನ ಒಂದು ಅಂಗಿ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತರುತ್ತಾಳೆ. ತಂದೆತಾಯಿ ‘ಹಳೇದನ್ನ ನೆನಸಬ್ಯಾಡ’ ಎಂದು ಗದರುತ್ತಾರೆ. ಆ ಕವರನ್ನು ತೆಗೆಸಲೇ?

ಉತ್ತರ: ತೆಗೆಸಬೇಡಿ ಸರ್. ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ಕಾಗದಪತ್ರವಿಲ್ಲದೆ ಪರಿಹಾರಕ್ಕೆ ಅಪ್ಪ ಅಲೆದದ್ದನ್ನು ಕಂಡಿರಬಹುದಾದ ಮಗು ಅದು. ಅವಳ ಭಯದಲ್ಲಿ ಒಂದು ಲೆಕ್ಕವಿದೆ, ಅದನ್ನು ನಾವು ಗೌರವಿಸಬೇಕು.

ಆ ಲೆಕ್ಕ ಒಂದು ಕಡೆ ಮಾತ್ರ ತಪ್ಪಿದೆ. ಊರ ಮೇಲೆ ಕಟ್ಟಿದ ಪ್ರತಿ ಮೋಡವೂ ನೆರೆ ತರುವುದಿಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಆ ಕಡೆ ಮಳೆ ಸುರಿದು, ನವಿಲುತೀರ್ಥದ ಜಲಾಶಯ ತುಂಬಿ, ಗೇಟು ತೆಗೆದಾಗ ನಿಮ್ಮ ಕಡೆ ಹೊಳೆ ಏರುತ್ತದೆ. ಇದನ್ನು ಇಡೀ ತರಗತಿಗೆ ನಕಾಶೆ ಇಟ್ಟು ಕಲಿಸಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ದಿನಾ ಹಲಗೆಯ ಮೂಲೆಯಲ್ಲಿ ಬರೆಯುವ ಕೆಲಸವನ್ನು ಈ ಹುಡುಗಿಗೇ ಕೊಡಿ. ಯಾವ ದಿನ ಹೆದರಬೇಕು, ಯಾವ ದಿನ ಮಳೆಯಲ್ಲಿ ನೆನೆದು ಮನೆಗೆ ಹೋಗಬಹುದು ಎಂದು ಗೊತ್ತಾಗುತ್ತಾ ಬಂದಂತೆ ಹೊಟ್ಟೆನೋವು ಕಡಿಮೆಯಾಗುವ ಸಾಧ್ಯತೆ ಹೆಚ್ಚು. (ಮಲಪ್ರಭೆಗೆ ಸೇರುವ ಬೆಣ್ಣೆಹಳ್ಳದ ದಂಡೆಯ ಊರಾದರೆ ಹೀಗೆ ಹೇಳಬೇಡಿ. ಅಲ್ಲಿ ಸುತ್ತಲಿನ ಮಳೆಯೇ ಹಳ್ಳವನ್ನು ಏರಿಸುತ್ತದೆ, ಮಕ್ಕಳಿಗೆ ನಿಜವನ್ನೇ ಕಲಿಸಬೇಕು.)

ತಂದೆತಾಯಿಯನ್ನು ಕರೆದು ಒಂದು ಸಂಜೆ ಮಾತಾಡಿ. ಡಂಗುರ ಸಾರಿದರೆ ಮೊದಲು ಎಲ್ಲಿಗೆ ಹೋಗಬೇಕು, ದನ ಬಿಚ್ಚುವವರು ಯಾರು, ಅಜ್ಜಿಯನ್ನು ಕರೆದೊಯ್ಯುವವರು ಯಾರು ಎಂದು ಮನೆಯವರೇ ಮಗಳೆದುರು ಕೂತು ಮಾತಾಡಿಕೊಳ್ಳಲಿ. ತಮ್ಮನ ಅಂಗಿ ಅವ್ವನ ಗಂಟಿನಲ್ಲಿರಲಿ, ಇಡೀ ಮನೆಯ ಹೊಣೆ ಅವಳ ಚೀಲದಲ್ಲಿ ಬೇಡ. ಆ ವರ್ಷದ ಮಾತು ಬಂದರೆ ಗದರದೆ ಕೇಳಲಿ. ತಂದೆತಾಯಿಗೇ ಆ ಮಾತು ತಡೆಯುವುದಿಲ್ಲ ಎಂದು ಗದರುವುದರಲ್ಲೇ ಗೊತ್ತಾಗುತ್ತದೆ. ಅವರೂ ಮುಳುಗಿದ ಮನೆಯಿಂದ ಎದ್ದು ಬಂದವರು, ಅವರನ್ನು ಮಾತಾಡಿಸಿದವರು ಯಾರೂ ಇರಲಿಕ್ಕಿಲ್ಲ. ಇಷ್ಟಾದ ಮೇಲೂ ಅವಳು ಶಾಲೆ ತಪ್ಪಿಸುತ್ತಿದ್ದರೆ, ರಾತ್ರಿ ಚೀರಿ ಏಳುತ್ತಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ನಮ್ಮ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಆರು ವರ್ಷದ ಮೊಮ್ಮಗನಿಗೆ ‘ಅಪ್ಪ ಮಲಗಿದ್ದಾನೆ’ ಎಂದು ಹೇಳಿದ್ದೆವು. ಈಗ ಅವನು ತನ್ನ ಅಮ್ಮನನ್ನು ಮಲಗಲು ಬಿಡುವುದಿಲ್ಲ, ಅಲುಗಾಡಿಸಿ ಎಬ್ಬಿಸುತ್ತಾನೆ. ಹನ್ನೊಂದನೇ ದಿನದ ಕಾರ್ಯಕ್ಕೆ ಅವನನ್ನು ಕೂರಿಸಬಹುದೇ? – ಒಬ್ಬ ಅಜ್ಜಿ, ತುಮಕೂರು ಜಿಲ್ಲೆ

ಉತ್ತರ: ಅಮ್ಮಾ, ಮಗನನ್ನು ಕಳೆದುಕೊಂಡ ಈ ಹೊತ್ತಿನಲ್ಲೂ ಮೊಮ್ಮಗನಿಗಾಗಿ ಕೂತು ಬರೆದಿದ್ದೀರಿ. ನಿಮಗೆ ಹೇಗೆ ಸಮಾಧಾನ ಹೇಳಲಿ.

ಆ ಮಗು ನಿಮ್ಮ ಮಾತನ್ನು ಹಾಗೇ ನಂಬಿದೆ. ಮಲಗಿದವರು ಏಳುವುದಿಲ್ಲ ಎಂದಾದರೆ ಅಮ್ಮ ಮಲಗಬಾರದು, ಅಷ್ಟೇ. ಇವತ್ತೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿ: ‘ಅಪ್ಪ ಸತ್ತುಹೋದ ಕಂದ. ಮಲಗಿರೋದು ಬೇರೆ, ಸಾಯೋದು ಬೇರೆ. ಸತ್ತವರು ಉಸಿರಾಡಲ್ಲ, ಅವರಿಗೆ ನೋವಾಗಲ್ಲ, ವಾಪಸ್ ಬರಲ್ಲ. ಅಮ್ಮ ಮಲಗಿದರೆ ಬೆಳಿಗ್ಗೆ ಏಳ್ತಾಳೆ.’ ಈ ವಯಸ್ಸಿನಲ್ಲಿ ‘ವಾಪಸ್ ಬರಲ್ಲ’ ಎಂಬುದು ಒಂದೇ ಸಲಕ್ಕೆ ತಲೆಗೆ ಹೋಗುವುದಿಲ್ಲ. ನಾಳೆ ಮತ್ತೆ ಕೇಳುತ್ತಾನೆ, ನಾಡಿದ್ದೂ ಕೇಳುತ್ತಾನೆ. ಬೇಸರಪಡದೆ ಅದನ್ನೇ ಹೇಳಿ.

ಕಾರ್ಯಕ್ಕೆ ಕೂರಬಹುದು. ಅಲ್ಲಿ ಹೋಮದ ಹೊಗೆ ಇರುತ್ತದೆ, ಪಿಂಡ ಇಡುತ್ತಾರೆ, ಜನ ಅಳುತ್ತಾರೆ ಎಂದು ಮೊದಲೇ ಹೇಳಿ, ಬರುತ್ತೀಯಾ ಎಂದು ಕೇಳಿ. ಬೇಡವೆಂದರೆ ಬಲವಂತ ಬೇಡ. ಅವನ ಜೊತೆಗೇ ಇದ್ದು, ಸಾಕು ಎಂದಾಗ ಹೊರಗೆ ಕರೆದೊಯ್ಯುವ ಒಬ್ಬ ಚಿಕ್ಕಪ್ಪನನ್ನೋ ಮಾವನನ್ನೋ ಗೊತ್ತು ಮಾಡಿಡಿ. ‘ಇನ್ನು ಮೇಲೆ ನೀನೇ ಮನೆಯ ಗಂಡಸು’ ಎಂದು ಬಂದವರು ಯಾರಾದರೂ ಅಂದರೆ ಅಲ್ಲೇ ತಡೆಯಿರಿ.

ನಿಮ್ಮ ಸೊಸೆಗೆ ನಿದ್ದೆ ಬೇಕು. ಕೆಲವು ದಿನ ರಾತ್ರಿ ಮೊಮ್ಮಗನನ್ನು ಇಬ್ಬರ ನಡುವೆ ಮಲಗಿಸಿಕೊಳ್ಳಿ. ಅವನು ಎಬ್ಬಿಸಲು ಬಂದರೆ ಅಮ್ಮನ ಎದೆಯ ಮೇಲೆ ಕೈ ಇಡಿಸಿ, ಉಸಿರು ನೋಡಿಕೊಳ್ಳಲಿ. ಶಾಲೆಗೆ ಕಾರ್ಯ ಮುಗಿದ ವಾರದೊಳಗೆ ಕಳಿಸಲು ಶುರು ಮಾಡಿ, ಮೊದಲು ಅರ್ಧ ದಿನ. ಕರೆತರಲು ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆಯೇ ಗೇಟಿನ ಹತ್ತಿರ ಯಾರಾದರೂ ನಿಂತಿರಲಿ, ತಡವಾಗುವುದು ಬೇಡ.