ಕೈ ಬೇಕು ಅಂತ ತೋರ್ಸಿದ್ದೇ ಲೆಕ್ಕ

ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಏಜ್ಡ್ ಕೇರ್ ಹೋಮ್‌ನಲ್ಲಿ (ವಯಸ್ಸಾದವ್ರನ್ನ ಇಟ್ಕೊಂಡು ನೋಡ್ಕೊಳ್ಳೋ ಜಾಗ) ಕೆಲಸ ಮಾಡೋ, ಹಾಸನದ ಕಡೆಯ ಓದುಗರೊಬ್ರು ಉದ್ದದ ಪತ್ರ ಬರೆದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ. ಮುಖ್ಯ ಭಾಗ ಇಷ್ಟು:

"ಹಿರಿಯರ ಆರೈಕೆ ಬಗ್ಗೆ ಇನ್ನೂ ಸಂಶೋಧನೆ ಆಗ್ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ರಿ. ಇಲ್ಲಿ ಬಂದು ನೋಡಿ ಸರ್. ಯೂನಿವರ್ಸಿಟಿಯವ್ರು ಬರ್ತಾರೆ, ತಟ್ಟೇಲಿ ಉಳಿದ ಊಟ ತೂಗ್ತಾರೆ, ಯಾರು ಎಷ್ಟು ಸಲ ಬಿದ್ರು ಅಂತ ಬರ್ಕೊಳ್ತಾರೆ, ಹೋಗ್ತಾರೆ. ಅವ್ರ ಪ್ರಶ್ನೆಗೆ ಉತ್ತರ ಕೊಡೋ ಹೊತ್ತಲ್ಲಿ ನಾನು ಇಬ್ಬರಿಗೆ ಸ್ನಾನ ಮಾಡಿಸ್ಬೋದಿತ್ತು. ಆ ದುಡ್ಡಲ್ಲಿ ಇನ್ನಿಬ್ಬರನ್ನ ಕೆಲಸಕ್ಕೆ ತಗೊಂಡ್ರೆ ಸಾಕಿತ್ತು. ವಯಸ್ಸಾದವ್ರಿಗೆ ಬೇಕಾಗಿರೋದು ಕೈ, ಲೆಕ್ಕ ಅಲ್ಲ. ಮುಂದಿನ ತಿಂಗಳು ನನ್ನನ್ನೂ ಇಂಟರ್‌ವ್ಯೂ ಮಾಡ್ತಾರಂತೆ. ಕೂತ್ಕೋಬೇಕಾ? ಮರೆವು ಬಂದಿರೋ ಅಜ್ಜಿಯರನ್ನೂ ಸೇರಿಸ್ಕೊಳ್ತಾರಂತೆ, ಅದು ಸರೀನಾ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ, ಶಿಫ್ಟ್ ಮುಗಿಸಿ ಬೆನ್ನು ನೋವಲ್ಲಿ ಕೂತು ಇಷ್ಟು ಉದ್ದ ಬರೆದಿದೀರಲ್ಲ, ಅದಕ್ಕೇ ನಾನೂ ಎರಡು ಸಾಲಲ್ಲಿ ಮುಗಿಸದೆ ಪೂರ್ತಿ ಬರೀತೀನಿ. ನೀವು ಇನ್ನಿಬ್ಬರು ಬೇಕು ಅಂತ ಕೇಳ್ತಿರೋದು ನೂರಕ್ಕೆ ನೂರು ಸರಿ. ಆದ್ರೆ ಆ ಇನ್ನಿಬ್ಬರು ಬರೋ ದಾರಿ ಯಾವ್ದು ಅನ್ನೋದ್ರಲ್ಲಿ ಮಾತ್ರ ನಾನು ನಿಮ್ಮ ಜೊತೆ ಒಪ್ಪಲ್ಲ, ಯಾಕಂದ್ರೆ ನೀವಿರೋ ದೇಶದಲ್ಲೇ ಆಗಿರೋ ಕಥೆ ಬೇರೆ ಥರ ಇದೆ.

2018ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಏಜ್ಡ್ ಕೇರ್ ಬಗ್ಗೆ ರಾಯಲ್ ಕಮಿಷನ್, ಅಂದ್ರೆ ದೊಡ್ಡ ಮಟ್ಟದ ವಿಚಾರಣಾ ಆಯೋಗ, ಕೂರಿಸ್ತು, ನಿಮಗೆ ಗೊತ್ತಿರುತ್ತೆ. 2019ರ ಅಕ್ಟೋಬರ್‌ನಲ್ಲಿ ಬಂದ ಮಧ್ಯಂತರ ವರದಿಗೆ ಅವ್ರು ಇಟ್ಟ ಹೆಸರೇ 'ನಿರ್ಲಕ್ಷ್ಯ' ಅಂತ. ಹತ್ತು ಸಾವಿರಕ್ಕೂ ಜಾಸ್ತಿ ಜನ ಬರೆದು ಕಳ್ಸಿದ್ರು, ಮಕ್ಕಳು ಅಪ್ಪ ಅಮ್ಮನ ಗಾಯದ ಬಗ್ಗೆ ಹೇಳಿದ್ರು, ನಿಮ್ಮಂಥ ಕೇರರ್‌ಗಳು ಬಂದು ಸಾಕ್ಷಿ ಹೇಳಿದ್ರು. ಸ್ಟಾಫ್ ಸಾಲ್ದು ಅಂತ ಎಲ್ಲರೂ ಹೇಳಿದ್ರು, ಅದನ್ನ ವರ್ಷಗಟ್ಲೆಯಿಂದ ಹೇಳ್ತಾನೇ ಇದ್ರು ಕೂಡ. ಆದ್ರೆ ಸಾಲ್ದು ಅಂದ್ರೆ ಎಷ್ಟು ಸಾಲ್ದು? ಇದಕ್ಕೆ ಉತ್ತರ ಇಲ್ಲದಿದ್ರೆ ಯಾವ ಮಂತ್ರಿನೂ ದುಡ್ಡು ಬಿಡಲ್ಲ, ಯಾವ ಮಾಲೀಕನೂ ಜನ ತಗೊಳಲ್ಲ. ಆಗ ವುಲಾಂಗಾಂಗ್ ಯೂನಿವರ್ಸಿಟಿಯ ಕ್ಯಾಥಿ ಈಗರ್ ಅವರ ತಂಡ ಕೂತು, ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ನಿಮಿಷದ ಆರೈಕೆ ಸಿಗ್ತಿದೆ ಅಂತ ಲೆಕ್ಕ ಹಾಕಿ ಅಮೆರಿಕದಲ್ಲಿ ಹೋಮ್‌ಗಳಿಗೆ ಸ್ಟಾರ್ ಕೊಟ್ಟು ದರ್ಜೆ ಹೇಳೋ ಅಳತೆ ಪಕ್ಕ ಇಟ್ಟು ನೋಡಿದ್ರು. ಹೋಮ್‌ಗಳಲ್ಲಿ ಇರೋರ ಪೈಕಿ ಶೇಕಡಾ 57.6ರಷ್ಟು ಜನ ಇರೋ ಕಡೆ ಸ್ಟಾಫ್ ಮಟ್ಟ ಒಪ್ಪಲಾಗದಷ್ಟು ಕಡಿಮೆ ಅಂತ ಬಂತು. ಅರ್ಧಕ್ಕಿಂತ ಜಾಸ್ತಿ! ಆ ನಂಬರ್ ಬಂದ ಮೇಲೆ 'ಅಲ್ಲೊಂದು ಇಲ್ಲೊಂದು ಕೆಟ್ಟ ಹೋಮ್ ಇರುತ್ತೆ ಬಿಡಿ' ಅನ್ನೋ ಮಾತು ನಡೀಲಿಲ್ಲ.

2021ರ ಮಾರ್ಚ್‌ನಲ್ಲಿ ಕಮಿಷನ್ನಿನ ಕೊನೆಯ ವರದಿ ಬಂತು, 148 ಶಿಫಾರಸು. ಅದರಿಂದ ಏನಾಯ್ತು ಅಂದ್ರೆ, 2023ರ ಜುಲೈ 1ರಿಂದ ಹೋಮ್‌ಗಳಲ್ಲಿ ದಿನದ 24 ಗಂಟೆ ರಿಜಿಸ್ಟರ್ಡ್ ನರ್ಸ್ ಇರ್ಲೇಬೇಕು ಅಂತಾಯ್ತು, ಅದೇ ಅಕ್ಟೋಬರ್‌ನಿಂದ ಸರಾಸರಿ ಒಬ್ಬರಿಗೆ ದಿನಕ್ಕೆ 200 ನಿಮಿಷದ ಆರೈಕೆ ಕಡ್ಡಾಯ ಆಯ್ತು, 2024ರ ಅಕ್ಟೋಬರ್‌ನಿಂದ ಅದು 215 ನಿಮಿಷ, ಅದ್ರಲ್ಲಿ 44 ನಿಮಿಷ ನರ್ಸ್ ಕೈಯಿಂದಲೇ. ನಿಮ್ಮ ಮ್ಯಾನೇಜರ್ ರೋಸ್ಟರ್ ಹಿಡ್ಕೊಂಡು 'ಕೇರ್ ಮಿನಿಟ್ಸ್, ಕೇರ್ ಮಿನಿಟ್ಸ್' ಅಂತ ಒದ್ದಾಡ್ತಾರೆ ಅಂತ ನೀವೇ ಪತ್ರದಲ್ಲಿ ಬರೆದಿದೀರಲ್ಲ, ಆ ಒದ್ದಾಟ ಶುರುವಾಗಿದ್ದು ಇಲ್ಲಿಂದ. ಇದು ಇಡೀ ಹೋಮ್‌ನ ಸರಾಸರಿ ಲೆಕ್ಕ, ನಿಮ್ಮ ಫ್ಲೋರ್‌ನಲ್ಲಿ ಭಾನುವಾರ ಸಂಜೆ ಒಬ್ಬರೇ ಇದ್ರೂ ಕಾಗದದಲ್ಲಿ ಸರಿ ಇರಬಹುದು, ಅದು ನನಗೂ ಗೊತ್ತು. ಆದ್ರೂ ಕೇಳೋಕೆ ಒಂದು ನಂಬರ್ ನಿಮ್ಮ ಕೈಯಲ್ಲಿದೆ ಈಗ.

ಸಂಬಳದ ವಿಷಯ ಇನ್ನೂ ಹತ್ತಿರದ್ದು. 2023ರ ಜೂನ್ 30ರಿಂದ ನಿಮ್ಮಂಥ ಕೇರರ್‌ಗಳ ಕನಿಷ್ಠ ವೇತನ ಶೇಕಡಾ 15 ಏರ್ತು. ಕನಿಷ್ಠ ವೇತನ ತೀರ್ಮಾನ ಮಾಡೋ ಫೇರ್ ವರ್ಕ್ ಕಮಿಷನ್ ಮುಂದೆ ಯೂನಿಯನ್‌ಗಳು ವಾದ ಮಾಡಿದಾಗ ಜೊತೆಗೆ ಇಟ್ಟ ಸಾಕ್ಷಿಯಲ್ಲಿ ಆನ್ ಜೂನರ್ ಅನ್ನೋ ಸಂಶೋಧಕಿಯ ಕೆಲಸ ಇತ್ತು. ಅವ್ರು ಮಾಡಿದ್ದೇನು? ಕೇರರ್‌ಗಳು ತಮ್ಮ ಕೆಲಸದ ಬಗ್ಗೆ ಹೇಳಿದ್ದನ್ನ ಇಟ್ಕೊಂಡು, ಯಾರಿಗೂ ಕಾಣದ ಕೌಶಲ ಯಾವುವು ಅಂತ ಒಂದೊಂದಾಗಿ ಬಿಡಿಸಿ ಬರೆದ್ರು. ಸಿಟ್ಟಾಗಿರೋ ಅಜ್ಜನನ್ನ ಗದರದೆ ಹೇಗೆ ಸಮಾಧಾನ ಮಾಡೋದು, ಮಾತಾಡದ ಅಜ್ಜಿಗೆ ನೋವಾಗ್ತಿದೆ ಅಂತ ಮುಖ ನೋಡಿ ಹೇಗೆ ಕಂಡುಹಿಡಿಯೋದು, ಇಂಥವು. 'ಹೆಂಗಸರಿಗೆ ಇದೆಲ್ಲ ಸಹಜವಾಗಿ ಬರುತ್ತೆ' ಅಂತ ಯಾವ ಕೆಲಸಕ್ಕೆ ಕಡಿಮೆ ಕೂಲಿ ಕೊಡ್ತಿದ್ರೋ ಅದು ಕಲಿತು ಬರೋ ಕೌಶಲ ಅಂತ ನಿಂತಿದ್ದು ಇಂಥ ಇಂಟರ್‌ವ್ಯೂಗಳಿಂದ. ಅಲ್ಲೂ ಯಾರೋ ಒಬ್ರು ಬಿಡುವು ಮಾಡ್ಕೊಂಡು ಕೂತು ಉತ್ತರ ಕೊಟ್ಟಿದ್ರು.

ಈಗ ತಟ್ಟೆ ತೂಗೋ ವಿಷಯಕ್ಕೆ ಬರೋಣ. ನಿಮಗೆ ಅತಿ ಹೆಚ್ಚು ಬೇಜಾರಾಗಿರೋದು ಅದೇ ಅನ್ಸುತ್ತೆ, ನನಗೆ ಅತಿ ಇಷ್ಟವಾದ ಸಂಶೋಧನೆಯೂ ಅದೇ. ನಿಮ್ಮ ವಿಕ್ಟೋರಿಯಾ ರಾಜ್ಯದಲ್ಲೇ 60 ಹೋಮ್‌ಗಳಲ್ಲಿ ನಡೆದಿದ್ದು, ಮೆಲ್ಬರ್ನ್ ಯೂನಿವರ್ಸಿಟಿಯ ಸಾಂಡ್ರಾ ಯೂಲಿಯಾನೋ ಮತ್ತು ಜೊತೆಗಾರರು ಮಾಡಿದ್ದು, 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 7195 ಹಿರಿಯರು, ಸರಾಸರಿ ವಯಸ್ಸು 86. ಮೊದ್ಲು ನೋಡಿದಾಗ ಇವ್ರಿಗೆ ದಿನಕ್ಕೆ ಸಿಗ್ತಿದ್ದ ಕ್ಯಾಲ್ಸಿಯಂ ಸುಮಾರು 700 ಮಿಲಿಗ್ರಾಂ, ಪ್ರೋಟೀನ್ 58 ಗ್ರಾಂ. ಎರಡೂ ಕಮ್ಮಿ. ಚೀಟಿ ಎತ್ತಿದ ಹಾಗೆ ಅರ್ಧ ಹೋಮ್‌ಗಳನ್ನ ಆರಿಸಿ, ಅಲ್ಲಿ ಅಡುಗೆ ಮನೆಯಲ್ಲೇ ಹಾಲು, ಮೊಸರು, ಚೀಸ್ ಜಾಸ್ತಿ ಮಾಡಿದ್ರು, ದಿನಕ್ಕೆ ಎರಡು ಪಾಲು (ಸರ್ವಿಂಗ್) ಇದ್ದಿದ್ದು ಮೂರೂವರೆ ಪಾಲು ಆಯ್ತು, ಇನ್ನರ್ಧ ಹೋಮ್‌ಗಳಲ್ಲಿ ಮಾಮೂಲಿ ಊಟ. ಮಾತ್ರೆ ಇಲ್ಲ, ಮೆಷಿನ್ ಇಲ್ಲ. ಎರಡು ವರ್ಷ ನೋಡಿದ್ರು. ಮೂಳೆ ಮುರಿತ ಶೇಕಡಾ 33 ಕಡಿಮೆ, ಸೊಂಟದ ಮೂಳೆ ಮುರಿತ ಶೇಕಡಾ 46 ಕಡಿಮೆ, ಬೀಳೋದು ಶೇಕಡಾ 11 ಕಡಿಮೆ. ಸೊಂಟ ಮುರಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ, ಆಪರೇಷನ್, ಆಮೇಲೆ ಹಾಸಿಗೆ, ಆಮೇಲೆ ಎಷ್ಟೋ ಜನ ಎದ್ದು ನಡೆಯೋದೇ ಇಲ್ಲ.

ಸಾವಿನ ಲೆಕ್ಕದಲ್ಲಿ ಎರಡೂ ಕಡೆ ವ್ಯತ್ಯಾಸ ಇರ್ಲಿಲ್ಲ, ಅದನ್ನೂ ಮುಚ್ಚಿಡದೆ ಬರೆದಿದಾರೆ. ಇನ್ನೊಂದು, ಈ ಅಧ್ಯಯನಕ್ಕೆ ದುಡ್ಡು ಕೊಟ್ಟವರಲ್ಲಿ ಡೈರಿ ಉದ್ಯಮದ ಸಂಸ್ಥೆಗಳು ಸುಮಾರಿವೆ, ಡೈರಿ ಆಸ್ಟ್ರೇಲಿಯಾ ಕೂಡ. ಹಾಗಾಗಿ ಬೇರೆಯವ್ರು ಬೇರೆ ದುಡ್ಡಲ್ಲಿ ಮತ್ತೆ ಮಾಡಿ ನೋಡ್ಬೇಕು ಅಂತ ನಾನೂ ಹೇಳ್ತೀನಿ. ಆದ್ರೆ ಇಷ್ಟು ದೊಡ್ಡದಾಗಿ, ಎರಡು ಗುಂಪು ಮಾಡಿ, ಎರಡು ವರ್ಷ ಬಿಡದೆ ನೋಡಿದ್ದನ್ನ ದುಡ್ಡು ಯಾರದು ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋಕೂ ಆಗಲ್ಲ.

ಅದಕ್ಕೂ ಮುಂಚೆ, 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ಹೋಮ್‌ಗಳಲ್ಲಿ ಒಬ್ಬರ ಊಟದ ಸಾಮಾನಿಗೆ ದಿನಕ್ಕೆ ಸರಾಸರಿ 6 ಡಾಲರ್ 8 ಸೆಂಟ್ ಖರ್ಚು ಮಾಡ್ತಿದಾರೆ ಅಂತ ತೋರಿಸ್ತು. ಇಡೀ ದಿನಕ್ಕೆ! ಈ ಅಂಕಿ ಪೇಪರಲ್ಲಿ ಬಂತು, ಕಮಿಷನ್ ಮುಂದೆ ಬಂತು, 2021ರ ಜುಲೈಯಿಂದ ಸರ್ಕಾರ ಒಬ್ಬರಿಗೆ ದಿನಕ್ಕೆ 10 ಡಾಲರ್ ಹೆಚ್ಚುವರಿ ಕೊಡೋಕೆ ಶುರು ಮಾಡ್ತು, ಜೊತೆಗೆ ಊಟಕ್ಕೆ ಎಷ್ಟು ಖರ್ಚಾಯ್ತು ಅಂತ ವರದಿ ಕೊಡ್ಬೇಕು ಅಂತ ಷರತ್ತೂ ಹಾಕ್ತು.

ಮಾತ್ರೆ ವಿಷಯ ಬೇಗ ಹೇಳಿಬಿಡ್ತೀನಿ. ಮರೆವಿನವ್ರು ಕೂಗಾಡ್ತಾರೆ ಅಂತ ಮಂಪರು ಮಾತ್ರೆ ಕೊಟ್ಟು ಕೂರಿಸೋದು ಎಲ್ಲ ಕಡೆ ಇದೆ. ಟಾಸ್ಮೇನಿಯಾ ಯೂನಿವರ್ಸಿಟಿಯವ್ರು 150 ಹೋಮ್‌ಗಳಲ್ಲಿ, ಯಾರ್ಯಾರಿಗೆ ಎಷ್ಟು ಕೊಡ್ತಿದೀರಿ ಅಂತ ಆ ಹೋಮ್‌ನವ್ರಿಗೇ ಲೆಕ್ಕ ತೋರ್ಸಿ, ಸ್ಟಾಫ್‌ಗೆ ತರಬೇತಿ ಕೊಟ್ಟು, ಡಾಕ್ಟರ್ ನರ್ಸ್ ಫಾರ್ಮಸಿಸ್ಟ್ ಮೂರೂ ಜನ ಸೇರಿ ಪರಿಶೀಲನೆ ಮಾಡೋ ಹಾಗೆ ಮಾಡಿದ್ರು. ಆರು ತಿಂಗಳಲ್ಲಿ ಆಂಟಿಸೈಕೋಟಿಕ್ ಅನ್ನೋ ಬಗೆಯ ಮಂಪರು ಮಾತ್ರೆ ತಗೊಳ್ಳೋರು ಶೇಕಡಾ 21.6ರಿಂದ 18.9ಕ್ಕೆ ಇಳಿದ್ರು. ಸಣ್ಣ ಇಳಿಕೆ ಅನ್ನಿಸಬಹುದು. ಆ ಮಾತ್ರೆ ನಿಂತು ಕಣ್ಣು ಬಿಟ್ಟು ಮಗಳ ಜೊತೆ ಮಾತಾಡೋ ಒಬ್ಬೊಬ್ಬರನ್ನ ನೆನೆಸ್ಕೊಳ್ಳಿ, ಸಣ್ಣದು ಅನ್ಸಲ್ಲ.

ಆದ್ರೆ ನಿಮ್ಮ ಪತ್ರದಲ್ಲಿ ಒಂದು ಮಾತು ಪೂರ್ತಿ ಸತ್ಯ, ಕಾಗದ ತುಂಬೋದ್ರಿಂದ ಆರೈಕೆ ಆಗಲ್ಲ. ಸೌತ್ ಆಸ್ಟ್ರೇಲಿಯಾದ ಓಕ್‌ಡೆನ್ ಅನ್ನೋ, ಹಿರಿಯರ ಆರೈಕೆಯ ಸರ್ಕಾರಿ ಕೇಂದ್ರ 2016ರಲ್ಲಿ ತಪಾಸಣೆಯಲ್ಲಿ ಎಲ್ಲಾ ಮಾನದಂಡಗಳಲ್ಲೂ ಪಾಸಾಗಿತ್ತು, ಒಳಗೆ ನಡೀತಿದ್ದ ಕ್ರೌರ್ಯ ಹೊರಬಂದು 2017ರಲ್ಲಿ ಮುಚ್ಚಿದ್ರು. ಅದು ಹೊರಬಂದಿದ್ದು ಮನೆಯವ್ರು ಮೈಮೇಲಿನ ಗಾಯ ಕಂಡು ಬಿಡದೆ ಕೇಳಿದ್ದರಿಂದ. ಹಾಗಾಗಿ ತೋರಿಕೆಗೆ ಟಿಕ್ ಹಾಕೋ ಫಾರ್ಮ್ ಬೇರೆ, ಒಂದು ಪ್ರಶ್ನೆ ಇಟ್ಕೊಂಡು ಉತ್ತರ ಹುಡುಕೋ ಕೆಲಸ ಬೇರೆ. ನಿಮ್ಮ ಮುಂದೆ ಎರಡೂ ಕಾಗದದ ರೂಪದಲ್ಲೇ ಬರ್ತಾವೆ, ಸಿಟ್ಟು ಬರೋದು ಸಹಜ. ನಿಮ್ಮ ಹೊತ್ತು ತಗೊಳ್ಳೋ ಸಂಶೋಧಕರು ಆ ಹೊತ್ತಿಗೆ ಬದಲಿ ಜನಕ್ಕೆ ದುಡ್ಡು ಕೊಡ್ಬೇಕು ಅಂತ ನೀವು ಕೇಳಿದ್ರೆ ಅದು ನ್ಯಾಯವಾದ ಬೇಡಿಕೆ, ನಾನು ನಿಮ್ಮ ಪರ.

ಊರಲ್ಲಿ ಇದೆಲ್ಲ ಎಲ್ಲಿದೆ ಅಂತ ಕೊನೇಲಿ ಕೇಳಿದೀರಿ. ಜಿಲ್ಲೆಗೊಂದಾದ್ರೂ, ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರೋ ವೃದ್ಧಾಶ್ರಮ ಇರ್ಲಿ ಅಂತ 2007ರ ಕೇಂದ್ರ ಕಾಯ್ದೆ ಹೇಳುತ್ತೆ. ಒಳಗೆ ಒಬ್ಬರಿಗೆ ದಿನಕ್ಕೆ ಎಷ್ಟು ನಿಮಿಷ ಆರೈಕೆ ಅಂತ ನಿಮ್ಮಲ್ಲಿರೋ ಥರ ನಿಯಮ ನಮ್ಮಲ್ಲಿಲ್ಲ. 2017-18ರಲ್ಲಿ ಲಾಸಿ ಅನ್ನೋ ರಾಷ್ಟ್ರೀಯ ಸಮೀಕ್ಷೆ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯ ನೋಡ್ತು, ತುಂಬಾ ಒಳ್ಳೆ ಕೆಲಸ. ಕೋಲಾರದ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವ್ರು ಹಳ್ಳಿ ಜನರ ನೆನಪಿನ ಶಕ್ತಿಯನ್ನ ವರ್ಷಾನುಗಟ್ಲೆ ಗಮನಿಸ್ತಿದಾರೆ, ಅದೂ ಬೇಕಾದ್ದೇ. ಆದ್ರೆ ಲಾಸಿ ಮನೆಮನೆ ಸಮೀಕ್ಷೆ, ವೃದ್ಧಾಶ್ರಮದಲ್ಲಿ ಇರೋರು ಅದರೊಳಗೆ ಬರಲ್ಲ. ಯಾರಿಗೆ ಹೇಳ್ಕೊಳ್ಳೋಕೆ ಯಾರೂ ಇಲ್ವೋ ಅವ್ರೇ ಲೆಕ್ಕದಿಂದ ಹೊರಗೆ. ನಮ್ಮ ಆಶ್ರಮಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮೊಸರು ಎಷ್ಟು ಬೀಳುತ್ತೆ, ಎಷ್ಟು ಜನ ಬಿದ್ದು ಸೊಂಟ ಮುರ್ಕೊಂಡ್ರು ಅಂತ ಯಾರಾದ್ರೂ ಬರ್ಕೊಳ್ಳೋ ದಿನ ಬರ್ಲಿ ಅಂತ ನಾನು ಮನಸಾರೆ ಆಸೆ ಪಡ್ತೀನಿ, ಅದಕ್ಕೇ ಕಳೆದ ಸಂಚಿಕೆಯಲ್ಲಿ ಹಾಗೆ ಬರೆದಿದ್ದು.

ಮರೆವಿನ ಅಜ್ಜಿಯರನ್ನ ಸೇರಿಸೋದು ಸರೀನಾ ಅಂದ್ರಲ್ಲ. ಅವ್ರನ್ನ ಬಿಟ್ಟು ಸಂಶೋಧನೆ ಮಾಡಿದ್ರೆ ಬರೋ ಉತ್ತರ ಅವ್ರಿಗೆ ಹೊಂದಲ್ಲ, ಆದ್ರೆ ನಷ್ಟ ಅನುಭವಿಸೋರು ಅವ್ರೇ. ನಿಮ್ಮಲ್ಲಿ ಇಂಥ ಅಧ್ಯಯನ ಎಥಿಕ್ಸ್ ಕಮಿಟಿ, ಅಂದ್ರೆ ಸಂಶೋಧನೆಯ ಸರಿ ತಪ್ಪು ನೋಡೋ ಸಮಿತಿ, ದಾಟಿ ಬರ್ಬೇಕು, ಒಪ್ಪಿಗೆ ಕೊಡೋ ಸ್ಥಿತಿಯಲ್ಲಿ ಇಲ್ಲದವ್ರ ಪರವಾಗಿ ಕಾನೂನು ಪ್ರಕಾರ ಹಕ್ಕಿರೋರು ಒಪ್ಪಬೇಕು, ಅಷ್ಟಾದ ಮೇಲೂ ಆ ಅಜ್ಜಿ ಮುಖ ತಿರುಗಿಸಿದ್ರೆ, ಕೈ ತಳ್ಳಿದ್ರೆ, ಅದನ್ನ ಬೇಡ ಅಂತಲೇ ತಗೋಬೇಕು ಅನ್ನೋದು ಅಲ್ಲಿನ ರಾಷ್ಟ್ರೀಯ ನಿಯಮಾವಳಿಯ ಧೋರಣೆ. ಆ ಬೇಡ ಅನ್ನೋದು ಸಂಶೋಧಕರಿಗಿಂತ ಮೊದ್ಲು ನಿಮಗೆ ಗೊತ್ತಾಗುತ್ತೆ. ಅಂಥ ಹೊತ್ತಲ್ಲಿ ನೀವು ಬಾಯಿ ಬಿಡ್ಬೇಕು.

ಇಂಟರ್‌ವ್ಯೂಗೆ ದಯವಿಟ್ಟು ಕೂತ್ಕೊಳ್ಳಿ. ಮೊದ್ಲು ಅವ್ರಿಗೇ ಪ್ರಶ್ನೆ ಕೇಳಿ: ದುಡ್ಡು ಯಾರದು, ನಾನು ಹೇಳಿದ್ದು ಮ್ಯಾನೇಜರ್‌ಗೆ ಗೊತ್ತಾಗುತ್ತಾ, ಮಧ್ಯದಲ್ಲಿ ಬೇಡ ಅನ್ಸಿದ್ರೆ ಬಿಡಬಹುದಾ, ರಿಸಲ್ಟ್ ಬಂದಾಗ ನಮಗೂ ಹೇಳ್ತೀರಾ. ಮಾಹಿತಿ ಹಾಳೆ ಕೊಡ್ತಾರೆ, ಅದನ್ನ ಮನೆಗೆ ತಗೊಂಡ್ಹೋಗಿ ಓದಿ, ಅವಸರ ಬೇಡ. ಆಮೇಲೆ ನೀವು ನನಗೆ ಬರೆದಿದ್ದನ್ನೇ ಹೇಳಿ, ಭಾನುವಾರ ಸಂಜೆ ಎಷ್ಟು ಜನ ಇರ್ತೀರಿ, ಯಾವ ಅಜ್ಜಿ ಊಟ ಬಿಡ್ತಾರೆ, ಇಂಗ್ಲಿಷ್ ಮರೆತು ತಾಯ್ನುಡಿಗೆ ವಾಪಸ್ ಹೋಗಿರೋರ ಜೊತೆ ನೀವು ಹೇಗೆ ಮಾತಾಡ್ತೀರಿ ಅನ್ನೋದು, ಎಲ್ಲಾ. ತಟ್ಟೆ ತೂಗಿದವ್ರ ವರದಿ ಬಂದ್ರೆ ಒಂದು ಪ್ರತಿ ನಮಗೂ ಕಳ್ಸಿ, ಇಲ್ಲಿ ಅಚ್ಚು ಮಾಡ್ತೀವಿ.