ಹಾಡು ನಿಧಾನವಾಗಿ, ಹಿಮ್ಮುಖವಾಗಿ ಕೇಳುತ್ತಿದ್ದರೆ ಕ್ಯಾಸೆಟ್ ಕೆಟ್ಟಿದೆಯೇ?

ಮುಂಬೈಯ ಮಾಟುಂಗಾದ ಮನೆಯ ಕಪಾಟಿನಲ್ಲಿ ಸಿಕ್ಕಿದ, ಎರಡೇ ವರ್ಷ ಬಾಳಿದ ಕಾಲೇಜು ರಾಕ್ ಬ್ಯಾಂಡಿನ ಡೆಮೊ ಕ್ಯಾಸೆಟ್ ಬಗ್ಗೆ ಕೇಳಿದ್ದೀರಿ. ಎ ಬದಿಯಲ್ಲಿ ಡ್ರಮ್ಸ್, ಬೇಸ್ ಅರ್ಧ ವೇಗದಲ್ಲಿ, ಬಿ ಬದಿಯಲ್ಲಿ ಗಾಯನ ಹಿಮ್ಮುಖವಾಗಿ ಎಂದರೆ ಕ್ಯಾಸೆಟ್ ಕೆಟ್ಟಿಲ್ಲ. ಅದು ಫೋರ್‌ಟ್ರ್ಯಾಕ್ ಯಂತ್ರದಲ್ಲಿ ಮಾಡಿದ ರೆಕಾರ್ಡಿಂಗ್; ನಾಲ್ಕು ದನಿಗಳನ್ನು ಟೇಪಿನ ನಾಲ್ಕು ಬೇರೆ ಟ್ರ್ಯಾಕ್‌ಗಳಲ್ಲಿ (ಉದ್ದುದ್ದ ಪಟ್ಟಿಗಳಲ್ಲಿ) ಹಿಡಿಯುವ ಯಂತ್ರ ಅದು.

ಸಾಮಾನ್ಯ ಡೆಕ್‌ನಲ್ಲಿ (ಕ್ಯಾಸೆಟ್ ಪ್ಲೇಯರಿನಲ್ಲಿ) ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ, ಬದಿಗೆ ಎರಡು ಟ್ರ್ಯಾಕ್, ಬದಿ ತಿರುಗಿಸಿದರೆ ದಿಕ್ಕೂ ತಿರುಗುತ್ತದೆ. ಇಂಥ ಯಂತ್ರಗಳಲ್ಲಿ ನಾಲ್ಕೂ ಟ್ರ್ಯಾಕ್ ಒಂದೇ ದಿಕ್ಕಿಗೆ, ಹಲವು ಮಾದರಿಗಳಲ್ಲಿ ಇಮ್ಮಡಿ ವೇಗಕ್ಕೆ. ಹಾಗಾಗಿ 60 ನಿಮಿಷದ ಕ್ಯಾಸೆಟ್‌ನಲ್ಲಿ ಹಿಡಿಯುವುದು 15 ನಿಮಿಷ ಮಾತ್ರ.

ಫೋರ್‌ಟ್ರ್ಯಾಕ್ ಯಂತ್ರವೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಎರಡೂ ಬದಿಗಳನ್ನು ಡಾಲ್ಬಿ (ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗ ದುಪ್ಪಟ್ಟು ಮಾಡಿ (ಟೆಂಪೋ ಅಲ್ಲ, ಅದು ಶ್ರುತಿಯನ್ನು ಬದಲಿಸುವುದಿಲ್ಲ), ಬಿ ಬದಿಯನ್ನು ರಿವರ್ಸ್ ಮಾಡಿ ಹೊಂದಿಸಿ. ತೊಂದರೆ ಇರುವುದು ಇಲ್ಲೇ: ಮೋಟಾರಿನ ವೇಗ ಎರಡು ಸಲ ಒಂದೇ ಇರದು, ಹಾಡಿನ ಕೊನೆಗೆ ಗಾಯನ ತಾಳ ತಪ್ಪುತ್ತದೆ. ಒಂದೊಂದು ಚರಣವನ್ನೂ ಕತ್ತರಿಸಿ, ಸ್ನೇರ್ ಡ್ರಮ್ಮಿನ ಏಟಿಗೆ ಕೂಡಿಸಬೇಕು. ರೆಕಾರ್ಡ್ ಮಾಡುವಾಗ ಡಿಬಿಎಕ್ಸ್ (ಡಾಲ್ಬಿಯಂಥದೇ ಇನ್ನೊಂದು ವ್ಯವಸ್ಥೆ) ಬಳಸಿದ್ದರೆ ದನಿ ಉಬ್ಬಿ ಕುಗ್ಗಿದಂತೆ ಕೇಳುತ್ತದೆ. ಇದು ಸಾಮಾನ್ಯ ಡೆಕ್‌ನಲ್ಲಿ ಸರಿಹೋಗದು.

ಅದಕ್ಕೂ ಮೊದಲು ಕಿಟಕಿಯ ಬೆಳಕಿನಲ್ಲಿ ಸುರುಳಿ ನೋಡಿ. ಮುಂಬೈ ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿದ್ದರೆ ಡೆಕ್‌ಗೆ ಹಾಕಲೇಬೇಡಿ. ಬೂಷ್ಟು ಟೇಪ್ ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ.